ಮಕ್ಕಳ ಅರಿವಳಿಕೆ ಮತ್ತು ಮೂವತ್ತರ ಲೆಕ್ಕ

ನನ್ನ ಊರು ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ. ಅಲ್ಲಿ ನನ್ನ ಹೆಸರಿನ ಹಿಂದಿರುವ ‘ಡಾ.’ ಎಂಬುದರಿಂದ ಒಂದು ತೊಡಕು ಇದ್ದೇ ಇದೆ. ಅದು ಭೌತವಿಜ್ಞಾನದ ಸಂಶೋಧನೆಗೆ ಸಿಕ್ಕ ಪದವಿ ಎಂದು ಎಷ್ಟು ಹೇಳಿದರೂ ಮಂಡಿನೋವು, ಕೆಮ್ಮು, ಸಕ್ಕರೆ ಕಾಯಿಲೆಗಳ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಕಳೆದ ಬೇಸಿಗೆ ರಜೆಯಲ್ಲಿ ತಂಗಿಯ ಮಗಳು ಫೋನು ಮಾಡಿದಳು. ಅವಳ ನಾಲ್ಕು ವರ್ಷದ ಮಗನಿಗೆ ತೊಡೆಸಂದಿನ ಹರ್ನಿಯಾ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸಣ್ಣ ರಂಧ್ರಗಳ ಮೂಲಕ ಶಸ್ತ್ರಚಿಕಿತ್ಸೆ ಮಾಡುವುದೆಂದು ನಿಶ್ಚಯವಾಗಿತ್ತು. “ಮಾವ, ಮಗೂಗೆ ಮೊದಲೇ ಮತ್ತು ಬರೋ ಔಷಧಿ ಕೊಡ್ತಾರಂತೆ. ಸಣ್ಣ ಆಪರೇಷನ್ನು, ಏನೂ ಭಯ ಇಲ್ಲ ಅಂತಾರೆ. ಇಂಗ್ಲಿಷ್ ಕಾಗದಕ್ಕೆ ಸೈನು ಹಾಕಬೇಕಂತೆ, ನೀವೊಂದ್ಸಲ ನೋಡಿ ಹೇಳಿ” ಎಂದಳು.

ಯಾವ ಔಷಧಿ ಕೊಡಬೇಕು, ಎಷ್ಟು ಕೊಡಬೇಕು ಎಂದು ಹೇಳುವ ಅಧಿಕಾರ ನನಗಿಲ್ಲ. ಅದು ಅರಿವಳಿಕೆ ತಜ್ಞರ ಕೆಲಸ. ಆದರೆ ಆ ಕಾಗದದಲ್ಲಿದ್ದ ‘ಸುರಕ್ಷಿತವೆಂದು ಅಧ್ಯಯನಗಳು ತೋರಿಸಿವೆ’ ಎಂಬ ಮಾತು ನನ್ನನ್ನು ಕೆಣಕಿತು. ಅಧ್ಯಯನ ಎಂದರೆ ಅಳತೆ. ಅಳತೆಯ ಬಗ್ಗೆ ಭೌತವಿಜ್ಞಾನದ ಮೇಷ್ಟರಿಗೆ ನಾಲ್ಕು ಮಾತು ಗೊತ್ತಿರುತ್ತದೆ. ಮಕ್ಕಳ ಶಾಮಕ ಔಷಧಿಗಳ ಬಗ್ಗೆ ನಮ್ಮ ದೇಶದಲ್ಲೂ ಹೊರಗೂ ಪ್ರಕಟವಾಗಿರುವ ಒಂದಷ್ಟು ಪ್ರಬಂಧಗಳನ್ನು ಆ ರಜೆಯಲ್ಲಿ ಓದಿದೆ. ಕಂಡದ್ದನ್ನು ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಮುಂದೆ ಇಡುತ್ತಿದ್ದೇನೆ.

ಮೊದಲು ವಿಷಯದ ಪರಿಚಯ. ಹರ್ನಿಯಾ, ಕೆಳಗಿಳಿಯದ ವೃಷಣ, ಅಪೆಂಡಿಕ್ಸ್ ಮುಂತಾದವುಗಳಿಗೆ ಮಕ್ಕಳಲ್ಲೂ ಈಗ ಲ್ಯಾಪರೊಸ್ಕೋಪ್ ಬಳಸುವುದುಂಟು. ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗುವ ಮುನ್ನ ಮಗು ಅಮ್ಮನನ್ನು ಬಿಟ್ಟುಹೋಗಲು ಹೆದರುತ್ತದೆ. ಆ ಹೆದರಿಕೆ ತಗ್ಗಿಸಲು ಮಿಡಜೋಲಾಮ್ ಅಥವಾ ಡೆಕ್ಸ್‌ಮೆಡಿಟೊಮಿಡೀನ್‌ನಂಥ ಔಷಧಿಯನ್ನು ಬಾಯಿಯ ಮೂಲಕವೋ ಮೂಗಿನ ಮೂಲಕವೋ ಕೊಡುತ್ತಾರೆ. ಮಿಡಜೋಲಾಮ್ 1970ರ ದಶಕದಲ್ಲಿ ತಯಾರಾದದ್ದು. ಡಯಜೆಪಾಮ್‌ನ ಕುಟುಂಬಕ್ಕೆ ಸೇರಿದ್ದು. ಡೆಕ್ಸ್‌ಮೆಡಿಟೊಮಿಡೀನ್‌ನ ಕಥೆ ಬೇರೆ. ಪಶುವೈದ್ಯರು ಬಳಸುವ ಮೆಡಿಟೊಮಿಡೀನ್ ಎಂಬ ವಸ್ತುವಿನ ಅಣುಗಳು ಎಡಗೈ ಬಲಗೈಗಳಂತೆ ಪರಸ್ಪರ ಕನ್ನಡಿಬಿಂಬಗಳಾದ ಎರಡು ರೂಪಗಳಲ್ಲಿರುತ್ತವೆ. ಅವುಗಳಲ್ಲಿ ಪರಿಣಾಮಕಾರಿಯಾದ ಒಂದನ್ನು ಮಾತ್ರ ಬೇರ್ಪಡಿಸಿದರೆ ಸಿಗುವುದು ಇದು. ಅಮೆರಿಕದಲ್ಲಿ 1999ರಲ್ಲಿ ವಯಸ್ಕರಿಗೆ, ತೀವ್ರನಿಗಾ ಘಟಕದ ಬಳಕೆಗೆಂದು ಇದಕ್ಕೆ ಅನುಮತಿ ದೊರೆಯಿತು. ಮಕ್ಕಳಲ್ಲಿ, ಅದೂ ಶರೀರದೊಳಕ್ಕೆ ಉಪಕರಣ ಹಾಕದ ಪರೀಕ್ಷೆಗಳ ವೇಳೆಯ ಮಂಪರಿಗೆ, ಅಲ್ಲಿ ಅನುಮತಿ ಸಿಕ್ಕಿದ್ದು 2022ರಲ್ಲಿ. ನಡುವಿನ ಎರಡು ದಶಕಗಳಲ್ಲಿ ಜಗತ್ತಿನ ಎಲ್ಲೆಡೆ ವೈದ್ಯರು ತಮ್ಮ ವಿವೇಚನೆಯ ಮೇಲೆ ಮಕ್ಕಳಿಗೆ ಅದನ್ನು ಕೊಡುತ್ತಲೇ ಇದ್ದರು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಮಕ್ಕಳಿಗೆ ಕೊಡುವ ಎಷ್ಟೋ ಔಷಧಿಗಳ ಸ್ಥಿತಿ ಇದೇ.

ಮಂಪರು ಎಂಬುದು ದೀಪದ ಸ್ವಿಚ್ಚಿನಂತೆ ಇರುವುದಿಲ್ಲ. ಅಮೆರಿಕದ ಅರಿವಳಿಕೆ ತಜ್ಞರ ಸಂಘವು 1999ರಲ್ಲಿ ಅದಕ್ಕೆ ನಾಲ್ಕು ಹಂತಗಳನ್ನು ಗುರುತಿಸಿತು: ಕೇವಲ ಹೆದರಿಕೆ ತಗ್ಗಿದ ಸ್ಥಿತಿ, ಕರೆದರೆ ಓಗೊಡುವ ಮಂಪರು, ನೋಯಿಸಿದರೆ ಮಾತ್ರ ಪ್ರತಿಕ್ರಿಯಿಸುವ ಆಳವಾದ ಮಂಪರು, ಕೊನೆಗೆ ಪೂರ್ಣ ಅರಿವಳಿಕೆ. ಇವುಗಳ ನಡುವೆ ಗೋಡೆಗಳಿಲ್ಲ. ಒಂದು ಮಗುವನ್ನು ಎರಡನೆಯ ಹಂತದಲ್ಲಿ ನಿಲ್ಲಿಸುವ ಪ್ರಮಾಣ ಇನ್ನೊಂದು ಮಗುವನ್ನು ಮೂರನೆಯದಕ್ಕೆ ಜಾರಿಸಬಹುದು.

ಜಾರಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸ್ಥೂಲ ಲೆಕ್ಕ ಮಾಡೋಣ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿ, ಮಗುವಿನಲ್ಲೂ ದೊಡ್ಡವರಲ್ಲೂ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಹೆಚ್ಚುಕಡಿಮೆ 30 ಮಿಲಿಲೀಟರ್. 10 ಕಿಲೋಗ್ರಾಂ ತೂಕದ ಮಗುವಿನಲ್ಲಿ ಅದು 300 ಮಿಲಿಲೀಟರ್ ಆಯಿತು. ಅದರಲ್ಲಿ ಆಮ್ಲಜನಕದ ಪಾಲು ಸುಮಾರು ಶೇಕಡ 14 ಎಂದಿಟ್ಟುಕೊಂಡರೆ 42 ಮಿಲಿಲೀಟರ್. ಮಗು ನಿಮಿಷಕ್ಕೆ ಪ್ರತಿ ಕಿಲೋಗ್ರಾಮಿಗೆ 6ರಿಂದ 7 ಮಿಲಿಲೀಟರ್ ಆಮ್ಲಜನಕ ಬಳಸುತ್ತದೆ, ಅಂದರೆ ಒಟ್ಟು 65ರಷ್ಟು. ಉಸಿರು ನಿಂತರೆ ಶ್ವಾಸಕೋಶದ ಈ ದಾಸ್ತಾನು ಸುಮಾರು 40 ಸೆಕೆಂಡಿಗೆ ಸಾಲುತ್ತದೆ. ವಯಸ್ಕರ ಬಳಕೆ ಪ್ರತಿ ಕಿಲೋಗ್ರಾಮಿಗೆ ಇದರ ಅರ್ಧದಷ್ಟೇ ಆದ್ದರಿಂದ ಅವರಿಗೆ ಇಮ್ಮಡಿ ಸಮಯ ಸಿಗುತ್ತದೆ. ಇದಕ್ಕೆ ಲ್ಯಾಪರೊಸ್ಕೋಪಿಯ ಒತ್ತಡವನ್ನೂ ಸೇರಿಸಿ. ಒಳಗೆ ಜಾಗ ಮಾಡಿಕೊಳ್ಳಲು ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. 8 ಮಿಲಿಮೀಟರ್ ಪಾದರಸದ ಒತ್ತಡವೆಂದರೆ 1066 ಪಾಸ್ಕಲ್, ಅಂದರೆ ಸುಮಾರು 11 ಸೆಂಟಿಮೀಟರ್ ಎತ್ತರದ ನೀರಿನ ಕಂಬದಷ್ಟು. ಅದು ವಪೆಯನ್ನು ಮೇಲಕ್ಕೆ ತಳ್ಳುತ್ತದೆ, ಶ್ವಾಸಕೋಶದ ದಾಸ್ತಾನು ಇನ್ನೂ ಕುಗ್ಗುತ್ತದೆ. ಜೊತೆಗೆ ತುಂಬಿದ ಅನಿಲ ರಕ್ತಕ್ಕೂ ಸೇರುತ್ತದೆ. ಅದನ್ನು ಹೊರಹಾಕಲು ಉಸಿರಾಟ ಹೆಚ್ಚಬೇಕು. ಆದ್ದರಿಂದಲೇ ಇಂಥ ಶಸ್ತ್ರಚಿಕಿತ್ಸೆಗೆ ಬರೀ ಮಂಪರು ಸಾಲದು. ಪೂರ್ಣ ಅರಿವಳಿಕೆ ಕೊಟ್ಟು, ಉಸಿರಿನ ದಾರಿಯನ್ನು ಕೊಳವೆಯಿಂದ ಭದ್ರಪಡಿಸಿ, ಯಂತ್ರದಿಂದ ಉಸಿರಾಡಿಸುತ್ತಾರೆ. ಶಾಮಕ ಔಷಧಿಯದು ಅದರ ಮುಂಚಿನ ಮತ್ತು ನಂತರದ ಪಾತ್ರ.

ಆದ್ದರಿಂದ ‘ಸಣ್ಣ ಆಪರೇಷನ್ನು’ ಎಂಬ ಸಮಾಧಾನವನ್ನು ಎಚ್ಚರದಿಂದ ಕೇಳಬೇಕು. ಕ್ಲೋರೋಫಾರ್ಮಿನಿಂದ ಸತ್ತವರೆಂದು ದಾಖಲಾದವರಲ್ಲಿ ಮೊದಲಿಗಳು ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯ ಹನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿ. ಅದು 1848ರ ಜನವರಿ 28. ನಡೆಯಬೇಕಾಗಿದ್ದ ಶಸ್ತ್ರಚಿಕಿತ್ಸೆ ಕಾಲ್ಬೆರಳಿನ ಉಗುರು ತೆಗೆಯುವುದು! ಅಂದಿಗೂ ಇಂದಿಗೂ ಹೋಲಿಕೆಯಿಲ್ಲ, ನಿಜ. ಇಂದು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆ, ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಯಂತ್ರವಿದೆ, ತರಬೇತಾದ ತಜ್ಞರಿದ್ದಾರೆ. ಆದರೂ ಗಾಯದ ಗಾತ್ರವನ್ನು ನೋಡಿ ಅರಿವಳಿಕೆಯ ಅಪಾಯವನ್ನು ಅಂದಾಜು ಮಾಡುವ ಅಭ್ಯಾಸ ನಮ್ಮಿಂದ ಹೋಗಿಲ್ಲ.

ಇನ್ನು ಪ್ರಬಂಧಗಳಿಗೆ ಬರುತ್ತೇನೆ. ನಮ್ಮ ದೇಶದಲ್ಲಿ ವೈದ್ಯಕೀಯ ಸ್ನಾತಕೋತ್ತರ ಪದವಿಗೆ ಪ್ರಬಂಧ ಬರೆಯುವುದು ಕಡ್ಡಾಯ. ಮೂರು ವರ್ಷದ ವ್ಯಾಸಂಗ, ರಾತ್ರಿ ಹಗಲು ಆಸ್ಪತ್ರೆಯ ಕೆಲಸ, ಅದರ ನಡುವೆ ಒಂದು ಸಂಶೋಧನೆ. ಹೀಗಾಗಿ ಒಂದು ಅಚ್ಚು ರೂಢಿಯಾಗಿದೆ. ಅರವತ್ತು ಮಕ್ಕಳು, ಮೂವತ್ತು ಮಂದಿಗೆ ಒಂದು ಔಷಧಿ, ಮೂವತ್ತು ಮಂದಿಗೆ ಇನ್ನೊಂದು ಅಥವಾ ಬರೀ ಸಲೈನು. ಐದು ಐದು ನಿಮಿಷಕ್ಕೆ ನಾಡಿಬಡಿತ, ರಕ್ತದೊತ್ತಡ, ಆಮ್ಲಜನಕದ ಪ್ರಮಾಣ. ಕೊನೆಯಲ್ಲಿ, ಇಂಥ ಔಷಧಿ ಪರಿಣಾಮಕಾರಿ, ‘ಯಾವ ಗಂಭೀರ ತೊಂದರೆಯೂ ಕಂಡುಬರಲಿಲ್ಲವಾದ್ದರಿಂದ ಸುರಕ್ಷಿತ’ ಎಂಬ ತೀರ್ಮಾನ. ಮೊದಲರ್ಧದ ಬಗ್ಗೆ ನನ್ನ ತಕರಾರು ಹೆಚ್ಚಿಲ್ಲ. ಸೆವೊಫ್ಲುರೇನ್ ಅನಿಲದಿಂದ ಎಚ್ಚರಾಗುವ ಚಿಕ್ಕ ಮಕ್ಕಳು ಅಮ್ಮನನ್ನೂ ಗುರುತಿಸದೆ ಒದ್ದಾಡಿ ಅಳುವುದನ್ನು ಡೆಕ್ಸ್‌ಮೆಡಿಟೊಮಿಡೀನ್ ತಗ್ಗಿಸುತ್ತದೆ ಎಂಬುದು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗಲೂ ಕಂಡುಬಂದಿದೆ. ತಕರಾರು ಇರುವುದು ‘ಸುರಕ್ಷಿತ’ ಎಂಬ ಪದದ ಮೇಲೆ.

ಇದನ್ನು ನಮ್ಮೂರಿನ ಪ್ರೌಢಶಾಲೆಯ ಮಕ್ಕಳೊಂದಿಗೆ ಹೀಗೆ ಪರೀಕ್ಷಿಸಿದೆ. ಒಂದು ಡಬ್ಬಿಯಲ್ಲಿ 190 ಅವರೆಕಾಳು, 10 ಹುಣಸೆಬೀಜ ಹಾಕಿದೆ. ಕಣ್ಣುಮುಚ್ಚಿ ಒಂದು ಕಾಳು ತೆಗೆದು, ಬರೆದುಕೊಂಡು, ಮತ್ತೆ ಡಬ್ಬಿಗೆ ಹಾಕಿ ಕುಲುಕಬೇಕು. ಹೀಗೆ 30 ಸಲ. ಎರಡನೆಯ ಸರದಿಯ ಹುಡುಗಿಯೊಬ್ಬಳು ನಗುತ್ತಾ, “ಸಾರ್, ಹುಣಸೆಬೀಜ ಬೆರಳಿಗೇ ಗೊತ್ತಾಗುತ್ತೆ” ಎಂದಳು. ಸರಿಯಾದ ಮಾತು. ಎಲ್ಲವೂ ಹುಣಸೆಬೀಜವೇ ಇರಲಿ ಎಂದು, ಹತ್ತಕ್ಕೆ ಮಾತ್ರ ಬಿಳಿ ಬಣ್ಣದ ಚುಕ್ಕೆಯಿಟ್ಟು ಮತ್ತೆ ಆರಂಭಿಸಿದೆವು. ಎಂಟು ತಂಡಗಳಿಗೆ ಸಿಕ್ಕ ಬಿಳಿಚುಕ್ಕೆಯ ಬೀಜಗಳು ಕ್ರಮವಾಗಿ 0, 2, 1, 3, 0, 1, 1, 4. ಡಬ್ಬಿಯಲ್ಲಿ ಇಪ್ಪತ್ತಕ್ಕೊಂದು ಚುಕ್ಕೆಯ ಬೀಜ ಇದೆಯೆಂದು ನಮಗೆ ಗೊತ್ತು. ಆದರೂ ಎರಡು ತಂಡಗಳ ಪಾಲಿಗೆ ಅದು ಚುಕ್ಕೆಯೇ ಇಲ್ಲದ ಡಬ್ಬಿ. ಆ ತಂಡಗಳು ಪ್ರಬಂಧ ಬರೆದಿದ್ದರೆ?

ಲೆಕ್ಕ ಸುಲಭ. ಒಂದು ಸಲ ಚುಕ್ಕೆಯ ಬೀಜ ಬಾರದಿರುವ ಸಂಭವನೀಯತೆ 0.95. ಮೂವತ್ತು ಸಲವೂ ಬಾರದಿರುವುದು 0.95ರ 30ನೇ ಘಾತ, ಅಂದರೆ ಸುಮಾರು 0.21. ಐದರಲ್ಲಿ ಒಂದು ಅಧ್ಯಯನಕ್ಕೆ ಅಪಾಯ ಕಣ್ಣಿಗೇ ಬೀಳುವುದಿಲ್ಲ. ಇಪ್ಪತ್ತಕ್ಕೊಂದು ಎಂಬುದನ್ನು ನಾನು ಸುಮ್ಮನೆ ಆರಿಸಿಕೊಂಡದ್ದಲ್ಲ. ಯುರೋಪಿನ 33 ದೇಶಗಳ 261 ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಕೊಟ್ಟ 31,127 ಅರಿವಳಿಕೆಗಳನ್ನು ಗಮನಿಸಿದ ‘ಏಪ್ರಿಕಾಟ್’ ಎಂಬ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಗಂಟಲು ಬಿಗಿಯುವುದು, ಶ್ವಾಸನಾಳ ಸಂಕುಚಿಸುವುದು ಮುಂತಾದ, ತಕ್ಷಣ ಕೈಹಾಕಬೇಕಾದ ಗಂಭೀರ ಘಟನೆಗಳು ಶೇಕಡ 5.2ರಷ್ಟು ಕಂಡುಬಂದವು. ಬಹುಪಾಲು ಸಂದರ್ಭಗಳಲ್ಲಿ ತಜ್ಞರು ಸಂಭಾಳಿಸುತ್ತಾರೆ ಎಂಬುದು ಬೇರೆ ಮಾತು. ಉಸಿರಾಟಕ್ಕೆ ಸಂಬಂಧಿಸಿದವನ್ನಷ್ಟೇ ತೆಗೆದುಕೊಂಡರೆ ಶೇಕಡ 3.1. ಆಗ ಮೂವತ್ತು ಮಕ್ಕಳಲ್ಲಿ ಒಂದನ್ನೂ ಕಾಣದಿರುವ ಸಂಭವನೀಯತೆ 0.39ಕ್ಕೆ ಏರುತ್ತದೆ. ಉಲ್ಟಾ ಲೆಕ್ಕವನ್ನೂ ವಿದ್ಯಾರ್ಥಿಗಳು ಮಾಡಿ ನೋಡಬಹುದು: 30ರಲ್ಲಿ ಸೊನ್ನೆ ಕಂಡಾಗ, ನಿಜವಾದ ಅಪಾಯ ಎಷ್ಟರವರೆಗೆ ಇರಬಹುದು? ಶೇಕಡ 95ರ ಭರವಸೆಯಲ್ಲಿ ಉತ್ತರ ಸುಮಾರು ಶೇಕಡ 9.5. ಬಾಯಿಲೆಕ್ಕಕ್ಕೆ ‘ಮೂರನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸು’ ಎಂಬ ಸೂತ್ರ ಸಾಕು. ಅಂದರೆ ಹತ್ತು ಮಕ್ಕಳಲ್ಲಿ ಒಬ್ಬರಿಗೆ ತೊಂದರೆ ಕೊಡುವ ಔಷಧಿಯನ್ನೂ ಆ ಸೊನ್ನೆ ತಳ್ಳಿಹಾಕಲಾರದು. ಇದನ್ನು ‘ಸುರಕ್ಷಿತ’ ಎಂದು ಬರೆಯುವುದಕ್ಕಿಂತ ‘ಸುರಕ್ಷತೆಯ ಬಗ್ಗೆ ಈ ಅಧ್ಯಯನ ಏನನ್ನೂ ಹೇಳಲಾರದು’ ಎಂದು ಬರೆಯುವುದು ಪ್ರಾಮಾಣಿಕ. ಅಂಥ ವಾಕ್ಯ ನನಗೆ ಅಪರೂಪಕ್ಕೆ ಸಿಕ್ಕಿತು.

ಬೆರಳಿನಿಂದ ಬೀಜ ಗುರುತಿಸಿದ ಹುಡುಗಿಯ ಮಾತಿಗೆ ಮರಳುತ್ತೇನೆ. ಈ ಪ್ರಬಂಧಗಳಲ್ಲಿ ಹೆಚ್ಚಿನವು ‘ಇಬ್ಬದಿ ಕುರುಡು’ ಪ್ರಯೋಗಗಳೆಂದು ಹೇಳಿಕೊಳ್ಳುತ್ತವೆ. ಯಾವ ಮಗುವಿಗೆ ಯಾವುದು ಕೊಟ್ಟಿತೆಂದು ನೋಡುವವರಿಗೆ ತಿಳಿದಿರುವುದಿಲ್ಲ ಎಂಬ ಅರ್ಥದಲ್ಲಿ. ಆದರೆ ಡೆಕ್ಸ್‌ಮೆಡಿಟೊಮಿಡೀನ್ ನಾಡಿಬಡಿತವನ್ನು ತಗ್ಗಿಸುತ್ತದೆ. ಪರದೆಯ ಮೇಲೆ ಬಡಿತದ ಅಂಕಿಯನ್ನು ನೋಡುತ್ತಾ ಕುಳಿತ ಅನುಭವಿಗೆ ಊಹೆ ಕಷ್ಟವೇ? ಅದೇ ವ್ಯಕ್ತಿ ಮುಂದೆ ‘ಈ ಮಗು ಎಷ್ಟು ಶಾಂತವಾಗಿದೆ’ ಎಂದು ಅಂಕ ಕೊಡುತ್ತಾನೆ. ಅಂಕ ಕೊಡುವವರನ್ನು ಬೇರೆಯೇ ಇಟ್ಟ ಪ್ರಬಂಧಗಳೂ ಇವೆ, ಅವು ಮೆಚ್ಚಬೇಕಾದವು.

ಅಂಕಗಳ ವಿಷಯವೂ ಇದೆ. ಎಚ್ಚರಾಗುವಾಗಿನ ಒದ್ದಾಟವನ್ನು ಅಳೆಯಲು 2004ರಲ್ಲಿ ಸಿಕಿಚ್ ಮತ್ತು ಲರ್ಮನ್ ಎಂಬವರು ಒಂದು ಮಾಪಕ ರಚಿಸಿದರು. ಮಗು ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತದೆಯೇ, ಅದರ ಚಲನೆಗೆ ಉದ್ದೇಶವಿದೆಯೇ, ಸುತ್ತಲಿನ ಅರಿವಿದೆಯೇ, ಚಡಪಡಿಸುತ್ತಿದೆಯೇ, ಸಮಾಧಾನ ಮಾಡಿದರೂ ಅಳುತ್ತಿದೆಯೇ ಎಂಬ ಐದು ಪ್ರಶ್ನೆಗಳು. ಒಂದೊಂದಕ್ಕೆ 0ಯಿಂದ 4, ಒಟ್ಟು 20. ಉಪಯುಕ್ತ ಸಾಧನವೇ. ಆದರೆ ಇದು ಖನಿಜಗಳ ಗಡಸುತನದ ಮೋಸ್ ಮಾಪಕದ ಜಾತಿಗೆ ಸೇರಿದ್ದು, ಮೀಟರ್ ಕೋಲಿನ ಜಾತಿಗಲ್ಲ. ಮೋಸ್ ಮಾಪಕದಲ್ಲಿ ಕುರಂದಕ್ಕೆ 9, ವಜ್ರಕ್ಕೆ 10. ಈ ಒಂದು ಅಂಕದ ಅಂತರದಲ್ಲಿ ಅಡಗಿರುವ ಗಡಸುತನ 1ರಿಂದ 9ರವರೆಗಿನ ಒಟ್ಟು ಅಂತರಕ್ಕಿಂತ ದೊಡ್ಡದು. ಹೀಗಿರುವಾಗ ಅಂಕಗಳ ಸರಾಸರಿಯನ್ನು ಎರಡು ದಶಮಾಂಶ ಸ್ಥಾನಗಳವರೆಗೆ ಕೊಟ್ಟರೆ ಏನರ್ಥ? ನಮ್ಮ ಪಿಯುಸಿ ವಿದ್ಯಾರ್ಥಿ ಸ್ಕೇಲಿನಲ್ಲಿ ಅಳೆದು 12.3478 ಸೆಂಟಿಮೀಟರ್ ಎಂದು ಬರೆದರೆ ಅಂಕ ಕಳೆಯುತ್ತೇವೆ. ಇನ್ನೊಂದು ಸಂಗತಿ: ಹನ್ನೆರಡು ಹೊತ್ತುಗಳಲ್ಲಿ ನಾಲ್ಕು ಅಳತೆ ತೆಗೆದು ಎರಡು ಗುಂಪುಗಳನ್ನು ಹೋಲಿಸಿದರೆ 48 ಹೋಲಿಕೆಗಳಾಗುತ್ತವೆ. ಔಷಧಿಗೆ ಯಾವ ಪರಿಣಾಮವಿಲ್ಲದಿದ್ದರೂ ಸರಾಸರಿ ಎರಡು ಕಡೆ ಪಿ ಮೌಲ್ಯ 0.05ಕ್ಕಿಂತ ಕಡಿಮೆ ಬರುತ್ತದೆ. ಆ ಎರಡನ್ನೇ ಸಾರಾಂಶಕ್ಕೆ ಏರಿಸಿದರೆ ಹೊಸ ಶೋಧ ಸಿದ್ಧ. ಪ್ರಯೋಗ ಆರಂಭಿಸುವ ಮೊದಲೇ ‘ನಾನು ಅಳೆಯುವುದು ಇದನ್ನು’ ಎಂದು ಘೋಷಿಸಬೇಕೆಂಬ ನಿಯಮ ಇದಕ್ಕಾಗಿಯೇ. ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿ ವ್ಯವಸ್ಥೆ 2007ರ ಜುಲೈನಲ್ಲಿ ಆರಂಭವಾಯಿತು, 2009ರ ಜೂನ್‌ನಿಂದ ನೋಂದಣಿ ಕಡ್ಡಾಯವಾಯಿತು. ಅದು ಅಂತರಜಾಲದಲ್ಲಿ ಯಾರೂ ತೆರೆದು ನೋಡಬಹುದಾದ ದಾಖಲೆ. ಒಂದು ಪ್ರಬಂಧವನ್ನೂ ಅದರ ನೋಂದಣಿಯನ್ನೂ ಅಕ್ಕಪಕ್ಕ ಇಟ್ಟು ಓದುವುದು ಕಾಲೇಜು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ.

ಇದುವರೆಗೆ ಹೇಳಿದ್ದು ಅವಸರದ, ಅನನುಭವದ ದೋಷಗಳು. ಅರಿವಳಿಕೆಯ ಸಾಹಿತ್ಯಕ್ಕೆ ಇನ್ನೂ ಕಹಿಯಾದ ಅನುಭವವಾಗಿದೆ. ಜಪಾನಿನ ಯೋಶಿತಾಕಾ ಫುಜಿ ಎಂಬ ತಜ್ಞ, ಶಸ್ತ್ರಚಿಕಿತ್ಸೆಯ ನಂತರದ ವಾಂತಿ ತಡೆಯುವ ಔಷಧಿಗಳ ಬಗ್ಗೆ, ಮಕ್ಕಳ ಮೇಲಿನವೂ ಸೇರಿದಂತೆ, ಸಾಲು ಸಾಲು ಪ್ರಬಂಧ ಪ್ರಕಟಿಸಿದ್ದ. 2012ರಲ್ಲಿ ಅಲ್ಲಿನ ಅರಿವಳಿಕೆ ತಜ್ಞರ ಸಂಘದ ವಿಚಾರಣೆಯಲ್ಲಿ 172 ಪ್ರಬಂಧಗಳ ದತ್ತಾಂಶ ಕಟ್ಟುಕಥೆ ಎಂದು ತಿಳಿಯಿತು. ಅದೇ ವರ್ಷ ಬ್ರಿಟನ್ನಿನ ಅರಿವಳಿಕೆ ತಜ್ಞ ಜಾನ್ ಕಾರ್ಲೈಲ್ ಫುಜಿಯ ಅಂಕಿಗಳನ್ನು ಸಂಖ್ಯಾಶಾಸ್ತ್ರದಿಂದ ಪರೀಕ್ಷಿಸಿ, ಅವು ನಿಸರ್ಗದಲ್ಲಿ ಸಿಗುವಂಥವಲ್ಲ ಎಂದು ತೋರಿಸಿದರು. ಚೀಟಿ ಎತ್ತಿ ಎರಡು ಗುಂಪು ಮಾಡಿದರೆ ಗುಂಪುಗಳ ಸರಾಸರಿ ವಯಸ್ಸು, ತೂಕ ಒಂದಿಷ್ಟು ಹೆಚ್ಚುಕಡಿಮೆ ಆಗಲೇಬೇಕು. ಫುಜಿಯ ಗುಂಪುಗಳು ಅಸಹಜವಾಗಿ ಹೊಂದುತ್ತಿದ್ದವು. ಸರಳ ಲೋಲಕದ ಪ್ರಯೋಗದಲ್ಲಿ ಎಲ್ಲ ಆರು ಅಳತೆಗೂ 9.80, 9.81 ಎಂದು ಬರೆದ ರೆಕಾರ್ಡು ಪುಸ್ತಕ ನೋಡಿದ ಯಾವ ಮೇಷ್ಟರಿಗೂ ಈ ವಾಸನೆ ಪರಿಚಿತವೇ. ಮುಂದೆ ಕಾರ್ಲೈಲ್ ತಾವು ಸಂಪಾದಕ ಮಂಡಲಿಯಲ್ಲಿದ್ದ ‘ಅನಸ್ತೀಸಿಯ’ ಪತ್ರಿಕೆಗೆ 2017ರಿಂದ 2020ರ ನಡುವೆ ಬಂದ 526 ಪ್ರಯೋಗಗಳನ್ನು ಪರೀಕ್ಷಿಸಿದರು. ಒಟ್ಟಾರೆ ಶೇಕಡ 14ರಲ್ಲಿ ಸುಳ್ಳು ದತ್ತಾಂಶ ಸಿಕ್ಕಿತು. ಆದರೆ ಒಬ್ಬೊಬ್ಬ ರೋಗಿಯ ಮೂಲ ಅಂಕಿಗಳೇ ದೊರೆತ 153 ಪ್ರಯೋಗಗಳಲ್ಲಿ ಆ ಪ್ರಮಾಣ ಶೇಕಡ 44! ಮೂಲ ಅಂಕಿ ಸಿಗದ ಉಳಿದವುಗಳಲ್ಲಿ ಕೇವಲ ಶೇಕಡ 2. ಅವು ಸ್ವಚ್ಛವಾಗಿದ್ದವೆಂದಲ್ಲ, ಹುಡುಕುವ ದಾರಿ ಇರಲಿಲ್ಲ. ಆ ಪತ್ರಿಕೆ ಅಚ್ಚು ಹಾಕದೆ ತಿರಸ್ಕರಿಸಿದವು ಬೇರೆಲ್ಲಿ ಪ್ರಕಟವಾದವೋ!

ಹಾಗಾದರೆ ಸರಿಯಾಗಿ ಮಾಡುವುದು ಸಾಧ್ಯವೇ ಇಲ್ಲವೇ? ಇದೆ, ಅದೂ ಹರ್ನಿಯಾದ ಮಕ್ಕಳಲ್ಲೇ. ಎಳೆಯ ಪ್ರಾಣಿಗಳಿಗೆ ಅರಿವಳಿಕೆ ಕೊಟ್ಟಾಗ ಮಿದುಳಿನ ಕೋಶಗಳು ನಶಿಸುವುದು ಕಂಡ ಮೇಲೆ, ಮಕ್ಕಳ ಬುದ್ಧಿಗೂ ಧಕ್ಕೆಯಾಗುತ್ತದೆಯೇ ಎಂಬ ಆತಂಕ ಎದ್ದಿತು. ಆಸ್ಟ್ರೇಲಿಯದ ಆಂಡ್ರ್ಯೂ ಡೇವಿಡ್‌ಸನ್ ಮತ್ತು ಸಂಗಡಿಗರು ಏಳು ದೇಶಗಳ 28 ಆಸ್ಪತ್ರೆಗಳಲ್ಲಿ 722 ಶಿಶುಗಳನ್ನು ಆರಿಸಿದರು. ಹರ್ನಿಯಾ ಶಸ್ತ್ರಚಿಕಿತ್ಸೆಗೆ ಅರ್ಧದಷ್ಟು ಶಿಶುಗಳಿಗೆ ಸೆವೊಫ್ಲುರೇನ್ ಅರಿವಳಿಕೆ. ಉಳಿದವಕ್ಕೆ ಯಾವ ಶಾಮಕವೂ ಇಲ್ಲದೆ, ಎಚ್ಚರವಿದ್ದಂತೆಯೇ, ಬೆನ್ನುಹುರಿಯ ಬಳಿ ಚುಚ್ಚಿ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವ ವಿಧಾನ. 2007ರಲ್ಲಿ ಮೊದಲ ಶಿಶು ಸೇರಿತು. ಮಕ್ಕಳು ಐದು ವರ್ಷದವರಾಗುವವರೆಗೆ ಕಾದು ಬುದ್ಧಿಸೂಚ್ಯಂಕ ಅಳೆದರು. 2019ರಲ್ಲಿ ಫಲಿತಾಂಶ ಬಂತು: ಎಚ್ಚರವಿದ್ದ ಗುಂಪಿನ ಸರಾಸರಿ 99.08, ಅರಿವಳಿಕೆಯ ಗುಂಪಿನದು 98.97. ಒಂದು ಗಂಟೆಗಿಂತ ಕಡಿಮೆ ಅವಧಿಯ ಒಂದು ಅರಿವಳಿಕೆಯಿಂದ ಅಳೆಯಬಹುದಾದ ಹಾನಿ ಕಾಣಲಿಲ್ಲ. ಈ ಒಂದು ವಾಕ್ಯಕ್ಕೆ ಹನ್ನೆರಡು ವರ್ಷ ಹಿಡಿಯಿತು! ದೀರ್ಘ ಅಥವಾ ಪದೇ ಪದೇ ಆಗುವ ಅರಿವಳಿಕೆಗೆ ಈ ಭರವಸೆ ಅನ್ವಯಿಸದು. ಮೂರು ವರ್ಷದೊಳಗಿನವರಿಗೆ ಮೂರು ಗಂಟೆ ಮೀರಿದ ಬಳಕೆಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಕೊಟ್ಟ ಎಚ್ಚರಿಕೆಯಲ್ಲಿ ಮಿಡಜೋಲಾಮ್ ಹೆಸರೂ ಇದೆ.

ಮೂರು ವರ್ಷದ ವಿದ್ಯಾರ್ಥಿಯಿಂದ ಹನ್ನೆರಡು ವರ್ಷದ ಪ್ರಯೋಗ ಕೇಳುವುದು ನ್ಯಾಯವಲ್ಲ. ಆದರೆ ರಾಜ್ಯದ ಹತ್ತು ಕಾಲೇಜುಗಳ ವಿದ್ಯಾರ್ಥಿಗಳು ಹತ್ತು ಬೇರೆ ಬೇರೆ ಮೂವತ್ತುಗಳನ್ನು ಅಳೆಯುವ ಬದಲು, ಒಂದೇ ವಿಧಾನದಲ್ಲಿ, ಒಂದೇ ನಮೂನೆಯಲ್ಲಿ ಅಳೆದು ಕೂಡಿಸಿದರೆ ಅರವತ್ತರ ಬದಲು ಆರುನೂರು ಮಕ್ಕಳಾಗುತ್ತಾರೆ. ಖಗೋಳಶಾಸ್ತ್ರದಲ್ಲಿ, ಕಣಭೌತವಿಜ್ಞಾನದಲ್ಲಿ ಇದು ನಿತ್ಯದ ಮಾತು. ವೈದ್ಯಕೀಯ ಪ್ರಬಂಧಕ್ಕೆ ಒಬ್ಬನೇ ಕರ್ತೃ ಇರಬೇಕೆಂಬ ಹಟವೇ ಅಡ್ಡಿ ಎಂದು ನನಗನಿಸುತ್ತದೆ.

ನಾನು ಓದಿದ ಪ್ರಬಂಧಗಳಲ್ಲಿ ಬಹುತೇಕ ಯಾವುದೂ ಕೇಳದ ಪ್ರಶ್ನೆಯೊಂದು ಉಳಿದಿದೆ. ಅಳತೆ ನಿಲ್ಲುವುದು ಎಚ್ಚರಿಕೆಯ ಕೋಣೆಯಲ್ಲಿ, ಎರಡು ಗಂಟೆಯ ಆಸುಪಾಸಿನಲ್ಲಿ. ನಮ್ಮ ಹುಡುಗನನ್ನು ಅದೇ ಸಂಜೆ ಮನೆಗೆ ಕಳುಹಿಸಿದರು. ಕನಕಪುರದವರೆಗೆ ಒಂದು ಬಸ್ಸು, ಅಲ್ಲಿಂದ ಉಯ್ಯಂಬಳ್ಳಿಗೆ ಇನ್ನೊಂದು. ವಿಕಿರಣಶೀಲತೆಯ ಪಾಠದಲ್ಲಿ ಕಲಿಸುವ ಅರ್ಧಾಯುವನ್ನೇ ಇಲ್ಲಿ ಬಳಸಿ ನೋಡಿ. ಡೆಕ್ಸ್‌ಮೆಡಿಟೊಮಿಡೀನ್‌ನ ಅರ್ಧಾಯು ಸುಮಾರು 2 ಗಂಟೆ; ನಾಲ್ಕು ಗಂಟೆಯ ನಂತರ ಕಾಲುಭಾಗ ಉಳಿಯುತ್ತದೆ. ಸ್ಕ್ಯಾನ್ ಮುಂತಾದ ಪರೀಕ್ಷೆಗಳಿಗೆ ನಮ್ಮಲ್ಲಿ ಮಕ್ಕಳಿಗೆ ಕುಡಿಸುವ ಟ್ರೈಕ್ಲೋಫಾಸ್ ಸಿರಪ್ ದೇಹದಲ್ಲಿ ಟ್ರೈಕ್ಲೋರೋಎಥನಾಲ್ ಆಗುತ್ತದೆ. ಅದರ ಅರ್ಧಾಯು 8 ಗಂಟೆ ಅಥವಾ ಹೆಚ್ಚು. ನಾಲ್ಕು ಗಂಟೆಯ ನಂತರವೂ ಶೇಕಡ 70 ಉಳಿದಿರುತ್ತದೆ. ಔಷಧಿ ರಕ್ತದಿಂದ ಕೊಬ್ಬು, ಸ್ನಾಯುಗಳಿಗೆ ಹಂಚಿಹೋಗುವುದರಿಂದ ಪರಿಣಾಮ ಈ ಲೆಕ್ಕವನ್ನು ಅಕ್ಷರಶಃ ಅನುಸರಿಸುವುದಿಲ್ಲ, ಆದರೆ ದಿಕ್ಕು ಸ್ಪಷ್ಟ. ಅಮೆರಿಕದ ಚಾರ್ಲ್ಸ್ ಕೋಟೇ ಮತ್ತು ಸಂಗಡಿಗರು 2000ದಲ್ಲಿ ಮಕ್ಕಳ ಶಾಮಕ ಔಷಧಿಗಳ ದುರಂತಗಳನ್ನು ಪರಿಶೀಲಿಸಿದಾಗ, ಕೆಲವು ನಡೆದದ್ದು ಆಸ್ಪತ್ರೆಯಿಂದ ಹೊರಟ ಮೇಲೆ, ಕಾರಿನಲ್ಲಿ ಅಥವಾ ಮನೆಯಲ್ಲಿ ಎಂದು ಕಂಡಿತು. ತೂಕಡಿಸುವ ಮಗುವಿನ ಗಲ್ಲ ಎದೆಗೆ ಒತ್ತಿದರೆ ಸಣ್ಣ ಕೊರಳಿನ ಗಾಳಿದಾರಿ ಮಡಚಿಕೊಳ್ಳುತ್ತದೆ.

ಒಪ್ಪಿಗೆಯ ಕಾಗದದಲ್ಲಿ ಈ ವಿಷಯ ಒಂದು ಸಾಲೂ ಇರಲಿಲ್ಲ. ಹೊರಡುವಾಗ ಯಾರೂ ಹೇಳಲೂ ಇಲ್ಲ. ನಾನು ಫೋನಿನಲ್ಲಿ ತಂಗಿಗೆ ಹೇಳಿದ್ದು ಇಷ್ಟೇ: ಮಗು ನಿದ್ದೆಮಾಡಿದರೆ ಮಾಡಲಿ, ತಲೆ ಮುಂದಕ್ಕೆ ಬೀಳದಂತೆ ಹಿಡಿದುಕೋ, ಆಗಾಗ ಎಬ್ಬಿಸಿ ಮಾತಾಡಿಸು. ಕನಕಪುರದ ಬಸ್ ನಿಲ್ದಾಣದಲ್ಲಿ ಮಾತಾಡಿಸಿದಾಗ ಹುಡುಗ ಕಣ್ಣು ಬಿಟ್ಟು ಬಿಸ್ಕತ್ತು ಕೇಳಿದನಂತೆ. ಊರು ತಲುಪುವ ಹೊತ್ತಿಗೆ ರಾತ್ರಿ ಒಂಬತ್ತಾಗಿತ್ತು. ಅಲ್ಲಿಯವರೆಗೂ ತಂಗಿ ಎಡಗೈಯನ್ನು ಅವನ ಗಲ್ಲದ ಕೆಳಗಿನಿಂದ ತೆಗೆಯಲಿಲ್ಲ.